ಪ್ಯಾಕೇಜ್ ಎಷ್ಟು ಅಂತ ಕೇಳಬೇಡ, ಅಳಿಯಾ

ಶನಿವಾರ ನಿಮ್ಮ ಕಾಲೇಜಿನ ಎಂಜಿನಿಯರಿಂಗ್ ಕ್ಲಬ್ಬಿಗೆ ಯಾರೋ ದೊಡ್ಡವರು ಬಂದು ಕೆರಿಯರ್ ಬಗ್ಗೆ ಮಾತಾಡುತ್ತಾರಂತೆ, ಪ್ರಶ್ನೋತ್ತರ ನಡೆಸುವ ಜವಾಬ್ದಾರಿ ನಿನ್ನದಂತೆ. ಅಕ್ಕ ಫೋನಿನಲ್ಲಿ ಹೇಳಿಕೊಂಡು ಹಿಗ್ಗಿದಳು. ನನಗೂ ಸಂತೋಷವೇ. ಆದರೆ ಇಂಥ ಸಭೆಗಳಲ್ಲಿ ಅತಿಥಿಯ ಕುರ್ಚಿಯಲ್ಲಿ ಕೂತು ಎದ್ದು ಬಂದವನು ನಾನು. ಮುಕ್ಕಾಲು ಗಂಟೆ ಸ್ಲೈಡು. ಆಮೇಲೆ ಮೈಕ್ ಹಿಡಿದ ಮೊದಲನೆಯವನು ‘ಸರ್, ಫ್ರೆಶರ್‌ಗೆ ಪ್ಯಾಕೇಜ್ ಎಷ್ಟು?’ ಅನ್ನುತ್ತಾನೆ, ಎರಡನೆಯವನು ‘ಯಾವ ಕೋರ್ಸ್ ಮಾಡಿದರೆ ಒಳ್ಳೇದು?’ ಅನ್ನುತ್ತಾನೆ. ಅಷ್ಟರಲ್ಲಿ ಶಿಂಗಾಡ (ನಮ್ಮ ಸಮೋಸ), ಚಹಾ ಬಂದು ಸಭೆ ಚದುರುತ್ತದೆ. ಎರಡಕ್ಕೂ ಉತ್ತರ ನಿಮ್ಮ ಮೊಬೈಲಿನಲ್ಲೇ ಇತ್ತು. ಅಷ್ಟಕ್ಕಾಗಿ ಒಬ್ಬರನ್ನು ಅಲ್ಲಿವರೆಗೆ ಕರೆಸಬೇಕಿರಲಿಲ್ಲ.

ಹುದ್ದೆ ಬಿಡು, ಕೆಲಸ ಕೇಳು. ಬೆಳಿಗ್ಗೆ ಹೋದ ಕೂಡಲೇ ಏನು ಮಾಡುತ್ತೀರಿ, ಯಾವುದು ಕೈಕೊಟ್ಟಿತು, ಕೈಕೊಟ್ಟಿದೆ ಅಂತ ಮೊದಲು ಯಾರಿಗೆ ಗೊತ್ತಾಯಿತು ಅಂತ ಕೇಳು.

ಯಾಕೆ ಹೇಳುತ್ತೇನೆಂದರೆ, ನಿಮ್ಮ ಕೋಲ್ಕತ್ತದಲ್ಲಿ ಈಗ ನೀನು ಹೌರಾದಲ್ಲಿ ರೈಲಿಳಿದು ಮೆಟ್ರೊ ಹತ್ತಿದರೆ ಸೀದಾ ಸೆಕ್ಟರ್ ಫೈವ್. 2025ರ ಆಗಸ್ಟ್‌ವರೆಗೆ ಹಾಗಿರಲಿಲ್ಲ. ಹೂಗ್ಲಿ ನದಿಯ ತಳದಲ್ಲಿ ಸುರಂಗ ಕೊರೆದದ್ದನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ಆದರೆ ಎಂಜಿನಿಯರುಗಳ ನಿದ್ದೆ ಕೆಡಿಸಿದ್ದು ಅದೇ ಮಾರ್ಗದ ಬೌಬಜಾರ್. 2019ರ ಆಗಸ್ಟ್ 31ರಂದು ಕೊರೆಯುವ ಯಂತ್ರ ನೆಲದೊಳಗಿನ ನೀರಿನ ಪದರಕ್ಕೆ ಹೊಕ್ಕಿತು. ನೀರಿನ ಜೊತೆ ಮಣ್ಣೂ ಸುರಂಗಕ್ಕೆ ನುಗ್ಗಿ, ಮೇಲಿದ್ದ ಹಳೇ ಮನೆಗಳು ಬಿರುಕುಬಿಟ್ಟು ಕೆಲವು ಕುಸಿದೇ ಹೋದವು. ನೂರಾರು ಜನ ಮನೆ ಬಿಟ್ಟು ಹೊರಬಿದ್ದರು. ಆ ಮಾರ್ಗ ಪೂರ್ತಿಯಾಗಲು ಅಲ್ಲಿಂದ ಆರು ವರ್ಷ ಹಿಡಿಯಿತು. ಇಂಥ ಹೊತ್ತಿನಲ್ಲಿ ಗ್ರೌಟ್ ತುಂಬುವವರು, ಗೋಡೆಯ ಬಿರುಕು ಹಿಗ್ಗಿತೋ ನಿಂತಿತೋ ಅಂತ ಅಳೆದು ಬರೆದಿಡುವವರು, ‘ಈ ಮನೆ ಖಾಲಿ ಮಾಡಿ’ ಅಂತ ಸಹಿ ಹಾಕುವವರು ಬೇಕಾಗುತ್ತಾರೆ. ಅವರೂ ಎಂಜಿನಿಯರುಗಳೇ. ಕೆರಿಯರ್ ಸ್ಲೈಡಿನಲ್ಲಿ ಅವರ ಫೋಟೋ ನಾನಂತೂ ನೋಡಿಲ್ಲ.

ಇನ್ನೊಬ್ಬರ ವಿಷಯ ಹೇಳಲೇಬೇಕು. ಒಳಚರಂಡಿ ಕೆಲಸದಲ್ಲೇ ತಲೆ ನರೆಸಿಕೊಂಡವನಾದ್ದರಿಂದ ನನಗೆ ಅವರ ಮೇಲೆ ಒಂದು ತೂಕ ಹೆಚ್ಚೇ ಅಭಿಮಾನ. ಧ್ರುಬಜ್ಯೋತಿ ಘೋಷ್ ಅಂತ, ಪಶ್ಚಿಮ ಬಂಗಾಳ ಸರ್ಕಾರದ ಎಂಜಿನಿಯರ್. ಊರಿನ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಅನ್ನುವುದನ್ನು 80ರ ದಶಕದ ಮೊದಲಲ್ಲಿ ಬೆನ್ನುಹತ್ತಿ ಹೋದರು. ಕಾಲುವೆ ಪೂರ್ವಕ್ಕೆ ಹರಿದು ಭೇರಿಗಳಿಗೆ, ಅಂದರೆ ಮೀನು ಸಾಕುವ ಆಳವಿಲ್ಲದ ಹೊಂಡಗಳಿಗೆ ಸೇರುತ್ತಿತ್ತು. ಬಿಸಿಲು, ಪಾಚಿ, ಬ್ಯಾಕ್ಟೀರಿಯಾ ಸೇರಿ ನೀರನ್ನು ತಿಳಿಯಾಗಿಸುತ್ತಿದ್ದವು, ಪಾಚಿ ತಿಂದು ಮೀನು ಬೆಳೆಯುತ್ತಿತ್ತು, ಉಳಿದ ನೀರು ಗದ್ದೆಗೆ ಹೋಗುತ್ತಿತ್ತು. ನಾವು ಕೋಟಿಗಟ್ಟಲೆ ಟೆಂಡರ್ ಕರೆದು, ಪಂಪು ಹೂಡಿ, ಕರೆಂಟು ಸುಟ್ಟು ಮಾಡುವ ಕೆಲಸವನ್ನು ಅಲ್ಲಿನ ಮೀನುಗಾರರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದರು! ಘೋಷ್ ಹೊಸದೇನನ್ನೂ ಕಟ್ಟಲಿಲ್ಲ. ಇರುವುದನ್ನು ಅರ್ಥ ಮಾಡಿಕೊಂಡು, ನಕ್ಷೆ ಬರೆದು, ಅದನ್ನು ಮಣ್ಣು ತುಂಬಿ ಮುಚ್ಚಬೇಡಿ ಅಂತ ಹಟ ಹಿಡಿದರು. 2002ರಲ್ಲಿ ಆ 12,500 ಹೆಕ್ಟೇರ್ ಜೌಗು ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿತು. 2018ರಲ್ಲಿ ಅವರು ತೀರಿಕೊಂಡರು.

ನಿನ್ನ ಹಾಸ್ಟೆಲ್ ನಿಂತಿರುವುದೂ ಅಂಥದೇ ಜೌಗಿನ ಮೇಲೆ. 60ರ ದಶಕದಲ್ಲಿ ಹೂಗ್ಲಿಯ ಹೂಳನ್ನು ಪೈಪಿನಲ್ಲಿ ತಂದು ತುಂಬಿ ಸಾಲ್ಟ್ ಲೇಕ್ ಬಡಾವಣೆ ಮಾಡಿದರು. ಯುಗೊಸ್ಲಾವಿಯಾದ ಕಂಪನಿ ಆ ಕೆಲಸ ಮಾಡಿತು, ಊರಿನ ನಕ್ಷೆ ಹಾಕಿದ ತೋಶ್ಕೊವಿಚ್ ಕೂಡ ಅಲ್ಲಿಯವರೇ. ತುಂಬಿದವರೂ ಎಂಜಿನಿಯರುಗಳು, ತುಂಬಬೇಡಿ ಅಂದವರೂ ಎಂಜಿನಿಯರುಗಳು. ಎರಡಕ್ಕೂ ಓದಿದ ವಿದ್ಯೆ ಹೆಚ್ಚುಕಡಿಮೆ ಒಂದೇ. ಎಂಥ ಕೆಲಸಕ್ಕೆ ಹೋಗುತ್ತೀ ಅನ್ನುವುದನ್ನು ಬ್ರಾಂಚ್ ನೋಡಿ ತೀರ್ಮಾನ ಮಾಡಬೇಡ ಅಂತ ನಾನು ಹೇಳುವುದು ಇದಕ್ಕೇ.

ದುಡ್ಡಿನ ಮಾತು ತಪ್ಪು ಅಂತಲ್ಲ. ಅಕ್ಕ ಭಾವ ಸಾಲ ಮಾಡಿ ಓದಿಸುತ್ತಿದ್ದಾರೆ, ಕಂತು ಕಟ್ಟಬೇಕು, ಸಂಬಳ ಬೇಕೇ ಬೇಕು. ಅದನ್ನು ಪ್ಲೇಸ್‌ಮೆಂಟ್ ಆಫೀಸಿನಲ್ಲಿ ಕೇಳು, ನಾಚಿಕೆಪಡಬೇಡ. ಅತಿಥಿಯ ಹತ್ತಿರ ಬೇರೆಲ್ಲೂ ಸಿಗದ್ದನ್ನು ಕೇಳು.

ಮೈಕ್ ನಿನ್ನ ಕೈಯಲ್ಲಿರುತ್ತದಲ್ಲ, ಮುಂದಿನ ಸಾಲಿನ ಇಂಗ್ಲಿಷ್ ಮಲ್ಲರಿಗೇ ಕೊಡುತ್ತಾ ಹೋಗಬೇಡ. ಹಿಂದಿನ ಬೆಂಚಿನಲ್ಲಿ ಪುರುಲಿಯಾದಿಂದಲೋ ಮಾಲ್ಡಾದಿಂದಲೋ ಬಂದವನು ಒಬ್ಬ ಇರುತ್ತಾನೆ. ಬಂಗಾಳಿಯಲ್ಲೇ ಕೇಳು ಅನ್ನು. ಮೊದಲ ಪ್ರಶ್ನೆ ನೀನೇ ಕೇಳು, ಉಳಿದವರು ಅದೇ ದಾರಿ ಹಿಡಿಯುತ್ತಾರೆ. ಸೆಲ್ಫಿ ಕೊನೆಗೆ. ರೆಸ್ಯೂಮೆ ಕೈಗೆ ತುರುಕುವುದು ಬೇಡವೇ ಬೇಡ. ವಾರದೊಳಗೆ ನಾಲ್ಕು ಸಾಲು ಬರೆದು ಕಳಿಸು, ನೀವು ಹೇಳಿದ್ದರಲ್ಲಿ ಇದು ನನಗೆ ತಿಳಿಯಲಿಲ್ಲ ಅಂತ. ಉತ್ತರ ಬಂದರೆ ಅದೇ ನಿಜವಾದ ಪರಿಚಯ.

ಮುಂದಿನ ಸಲಕ್ಕೆ ಭೇರಿಯಲ್ಲಿ ನೀರು ಬಿಟ್ಟು ಕಟ್ಟುವ ಹಿರಿಯರೊಬ್ಬರನ್ನು ಕರೆಸಿ. ಕಂಪನಿಯವರಿಗೆ ಹೊದಿಸುವ ಶಾಲನ್ನೇ ಅವರಿಗೂ ಹೊದಿಸಿ. ಸ್ಲೈಡು ಇರುವುದಿಲ್ಲ, ಬೋರ್ಡು ಚಾಕ್‌ಪೀಸು ಇಟ್ಟಿರಿ. ಹೋಗಿಬರುವ ಖರ್ಚಿನ ಜೊತೆಗೆ ಅವರ ಆ ದಿನದ ಕೂಲಿಯನ್ನೂ ಕ್ಲಬ್ಬಿನ ಲೆಕ್ಕದಲ್ಲೇ ಕೊಡಿಸು.