ಔಷಧ ಮತ್ತು ಹೃದಯ

ಪಶುವೈದ್ಯವೆಂದರೆ ದನಕರುಗಳ ಚಿಕಿತ್ಸೆ ಮಾತ್ರವೆಂದು ಹಲವರ ಭಾವನೆ. ನಮ್ಮ ನಗರದ ಮಾಧವರಂ ಹಾಲಿನ ಕಾಲೊನಿಯ ಹೆಸರೂ ಅದನ್ನೇ ನೆನಪಿಗೆ ತರುತ್ತದೆ. 1989ರಲ್ಲಿ ಸ್ಥಾಪಿತವಾದ, ಭಾರತದ ಮೊದಲನೆಯ ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಅಲ್ಲಿಯೇ ಇದೆ. 1903ರಲ್ಲಿ ಆರಂಭವಾದ ವೇಪೇರಿಯ ಮದ್ರಾಸ್ ಪಶುವೈದ್ಯ ಕಾಲೇಜು ಅದರ ಅಂಗ. ಪಶುವೈದ್ಯ ಶಾಸ್ತ್ರವು ಇಂದು ಸಾಕುನಾಯಿಗಳ ಕ್ಯಾನ್ಸರ್ ರೋಗಕ್ಕೂ ಚಿಕಿತ್ಸೆಯನ್ನು ಕಂಡುಕೊಂಡಿದೆ. ಆ ಚಿಕಿತ್ಸೆಯಲ್ಲಿ ಅಡಗಿರುವ ಒಂದು ಅಪಾಯವನ್ನು ಇಲ್ಲಿ ವಿಚಾರಿಸೋಣ.

ನಾಯಿಗಳ ದುಗ್ಧರಸ ಗ್ರಂಥಿಗಳ ಕ್ಯಾನ್ಸರಿಗೆ ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧವನ್ನು ಕೆಲವು ವಾರಗಳಿಗೊಮ್ಮೆ ರಕ್ತನಾಳದ ಮೂಲಕ ಕೊಡುವರು. ಅದು ಕ್ಯಾನ್ಸರಿನ ಜೀವಕಣಗಳನ್ನು ನಾಶಮಾಡುತ್ತದೆ; ಆದರೆ ಹೃದಯದ ಸ್ನಾಯುವಿಗೂ ಅದು ವಿಷವೇ. ಚರ್ಮದ ಗಾಯ ಮಾಯುವಂತೆ ಹೃದಯದ ಗಾಯ ಮಾಯುವುದಿಲ್ಲ. ಪ್ರತಿ ಸಲದ ಹಾನಿಯೂ ಹಿಂದಿನದಕ್ಕೆ ಕೂಡುತ್ತ ಹೋಗುತ್ತದೆ. ಆದುದರಿಂದ ನಾಯಿಗೆ ಕೊಡುವ ಒಟ್ಟು ಪ್ರಮಾಣವು ದೇಹದ ಮೇಲ್ಮೈಯ ಚದರ ಮೀಟರಿಗೆ ಸುಮಾರು 180ರಿಂದ 240 ಮಿಲಿಗ್ರಾಂ ಮೀರದಂತೆ ವೈದ್ಯರು ಎಚ್ಚರ ವಹಿಸುತ್ತಾರೆ.

ದಣಿವು, ಕೆಮ್ಮು, ಉಬ್ಬಸಗಳು ಕಾಣಿಸುವ ವೇಳೆಗೆ ಹೃದಯವು ಬಹಳ ಸೋತಿರುತ್ತದೆ. ಮೂಕಪ್ರಾಣಿಯು ತನ್ನ ಸಂಕಟವನ್ನು ಹೇಳಿಕೊಳ್ಳಲಾರದು. ಇಲ್ಲಿ ನೆರವಿಗೆ ಬರುವುದು 'ಇಕೋ' ಪರೀಕ್ಷೆ. ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಎದೆಯೊಳಕ್ಕೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಹೃದಯದ ಚಲನೆಯನ್ನು ಚಿತ್ರವಾಗಿ ಕಾಣುವ ವಿಧಾನವಿದು. 1953ರಲ್ಲಿ ಸ್ವೀಡನ್ ದೇಶದ ಎಡ್ಲರ್ ಮತ್ತು ಹರ್ಟ್ಸ್ ಎಂಬವರು ಇದಕ್ಕೆ ನಾಂದಿ ಹಾಡಿದರು.

ಒಂದು ಲೆಕ್ಕವನ್ನು ನೋಡಿರಿ. ಒಂದು ನಾಯಿಯ ಎಡ ಹೃತ್ಕುಕ್ಷಿಯ ಒಳ ಅಗಲವು ಹಿಗ್ಗಿದಾಗ 40 ಮಿಲಿಮೀಟರ್, ಕುಗ್ಗಿದಾಗ 26 ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 14, ಅಂದರೆ ನೂರಕ್ಕೆ 35ರಷ್ಟು ಸಂಕೋಚನ. ಕೆಲವು ತಿಂಗಳ ಬಳಿಕ ಅಳತೆಗಳು 40 ಮತ್ತು 32 ಆದರೆ ಸಂಕೋಚನವು ನೂರಕ್ಕೆ 20ಕ್ಕೆ ಇಳಿದಂತಾಯಿತು. ನಾಯಿ ಹೊರಗೆ ಲವಲವಿಕೆಯಿಂದಿದ್ದರೂ ಸ್ನಾಯು ಬಲಗುಂದಿದೆಯೆಂಬ ಶಂಕೆಗೆ ಇದು ಸಾಕು. ಸ್ನಾಯುವಿನ ಒಂದೊಂದು ಭಾಗದ ಚಲನೆಯನ್ನೂ ಅಳೆಯುವ ಹೊಸ ವಿಧಾನವಾದರೋ ಈ ಅಂಕೆ ಇಳಿಯುವ ಮೊದಲೇ ದೋಷವನ್ನು ತೋರಿಸಬಲ್ಲದು.

ಔಷಧವನ್ನು ಬೇಗ ನಿಲ್ಲಿಸಿದರೆ ಕ್ಯಾನ್ಸರ್ ಮರುಕಳಿಸಬಹುದು. ತಡಮಾಡಿದರೆ ಹೃದಯವೇ ಸೋಲಬಹುದು. ಈ ನಿರ್ಣಯಕ್ಕೆ ಆಧಾರವಾಗುವುದು ಹಳೆಯ ಚಿತ್ರದೊಡನೆ ಹೊಸ ಚಿತ್ರದ ಹೋಲಿಕೆ. ದೊಡ್ಡ ತಳಿಗಳಲ್ಲಿ ಸಂಕೋಚನದ ಅಂಕೆ ಸಹಜವಾಗಿಯೇ ಕಡಿಮೆಯಿರಬಹುದಾದ್ದರಿಂದ, ಪ್ರತಿಯೊಂದು ನಾಯಿಗೂ ಅದರ ಹಿಂದಿನ ಅಳತೆಯೇ ಸರಿಯಾದ ಒರೆಗಲ್ಲು. ಆದುದರಿಂದಲೇ ಮೊದಲನೆಯ ಚಿತ್ರವನ್ನು ಮೊದಲನೆಯ ಚುಚ್ಚುಮದ್ದಿಗೆ ಮುಂಚೆಯೇ ತೆಗೆಯತಕ್ಕದ್ದು.