ಹೌಸ್ ವರ್ಕ್, ಹೋಮ್ ವರ್ಕ್, ಹೌಸ್ ಕೀಪಿಂಗ್



ಬೆಳಗ್ಗೆ ಎದ್ದು ನೀವು ಏನೇನು ಮುಟ್ಟುತ್ತೀರಿ? ಒಂದು ಸಲ ನೆನಪು ಮಾಡಿಕೊಳ್ಳಿರಿ. ಸ್ವಿಚ್ ಒತ್ತಿದಿರಿ. ಬಲ್ಬ್ ಹತ್ತಿತು. ಬ್ರಷ್, ಪೇಸ್ಟ್ ಆಯಿತು. ಬಕೆಟ್ಟಿನಲ್ಲಿ ನೀರು ತುಂಬಿಸಿದಿರಿ. ಗ್ಯಾಸ್ ಹಚ್ಚಿ ಕುಕ್ಕರ್ ಇಟ್ಟಿರಿ. ಮಗಳ ಟಿಫಿನ್ ಬಾಕ್ಸಿಗೆ ರೊಟ್ಟಿ, ಪಲ್ಯ ಹಾಕಿದಿರಿ. ಬಿಸಿಲು ಅಂಗಳಕ್ಕೆ ಬರುವುದರೊಳಗೆ ಏಳೆಂಟು ಇಂಗ್ಲಿಷ್ ಮಾತು ಆಡಿ ಮುಗಿಸಿರುತ್ತೀರಿ. ಆದರೂ ಯಾರಾದರೂ ಕೇಳಿದರೆ, "ನಮಗ ಇಂಗ್ಲಿಷ್ ಬರಂಗಿಲ್ರಿ" ಅಂತೀರಿ.

ಬರುತ್ತದೆ. ನಿಮ್ಮ ಅಜ್ಜಿಗೂ ಬರುತ್ತಿತ್ತು. ಕರೆಂಟು ಇಲ್ಲದ ಕಾಲದಲ್ಲಿ ಅಜ್ಜಿ ಹಚ್ಚುತ್ತಿದ್ದ ಚಿಮಣಿ ಇಂಗ್ಲಿಷಿನಿಂದ ಬಂದ ಮಾತು. ಅದಕ್ಕೆ ಹಾಕುವ ಎಣ್ಣೆ ಚಿಮಣಿ ಎಣ್ಣಿ ಆಯಿತು. ಬಾಟ್ಲಿ, ಗಿಲಾಸು, ಲಾಟೀನು ಇವೂ ಇಂಗ್ಲಿಷಿನವೇ. ನಮ್ಮ ನಾಲಿಗೆ ಅವನ್ನು ನುಣ್ಣಗೆ ಮಾಡಿಕೊಂಡಿತು. ಬಾಲ್ದಿ, ಚಾವಿ, ಅಲಮಾರಿ ಇವು ಇನ್ನೂ ಹಳೆಯವು. ಗೋವೆಗೆ ಬಂದ ಪೋರ್ಚುಗೀಸರ ಮಾತುಗಳಿಂದ ಬಂದಂಥವು. ಕಡೇಚೂರು, ಯಾದಗಿರಿ, ಶಹಾಪುರ, ಸುರಪುರದ ಕಡೆ 1948ರವರೆಗೆ ನಿಜಾಮರ ಆಳ್ವಿಕೆ ಇತ್ತು. ಹಾಗಾಗಿ ದವಾಖಾನಿ, ರಸೀದಿ, ಹಾಜರಿ, ತಾರೀಖು ನಮ್ಮಲ್ಲಿ ಮನೆಮಾತು. ಯಾವ ದೊರೆ ಬಂದರೂ ಅವನ ಮಾತು ಅಡುಗೆ ಮನೆವರೆಗೂ ಬರುತ್ತದೆ. ದೊರೆ ಹೋದ ಮೇಲೂ ಮಾತು ಅಲ್ಲೇ ಉಳಿಯುತ್ತದೆ.

ಹಾಗಾದರೆ ಈ ಪಾಠ ಯಾಕೆ? ಬಾಯಿಗೆ ಬಂದ ಮಾತು ಬೇರೆ, ಕಾಗದದ ಮೇಲೆ ಬಂದ ಮಾತು ಬೇರೆ. ಬಕೆಟ್ಟನ್ನು ಬಾಲ್ದಿ ಅಂದರೆ ಏನೂ ನಷ್ಟವಿಲ್ಲ. ಆದರೆ ಕೆಲವು ಇಂಗ್ಲಿಷ್ ಮಾತುಗಳ ಹಿಂದೆ ರೊಕ್ಕ ಇರುತ್ತದೆ, ಹಕ್ಕು ಇರುತ್ತದೆ, ಒಮ್ಮೊಮ್ಮೆ ಜೀವವೂ ಇರುತ್ತದೆ. ಅಂಥವನ್ನು ಬಿಡಿಸಿ ಓದೋಣ.

ಕಡೇಚೂರಿನ ಮಾತನ್ನೇ ತಗೊಳ್ಳಿ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಇಲ್ಲಿನ ರೈತರ ಸಾವಿರಾರು ಎಕರೆ ಹೊಲ ಹೋಯಿತು. ರೈಲು ಬೋಗಿಯ ಕಾರ್ಖಾನೆ ಬಂತು. ಔಷಧದ ಕಾರ್ಖಾನೆಗಳು ಬಂದವು. ಅವುಗಳ ಜೊತೆಗೆ ಗೇಟ್, ಪಾಸ್, ಶಿಫ್ಟ್, ಕಾಂಟ್ರ್ಯಾಕ್ಟ್, ಹೌಸ್ ಕೀಪಿಂಗ್ ಅನ್ನುವ ಮಾತುಗಳೂ ಊರಿಗೆ ಬಂದವು. ಇಂಥ ಊರಿನ ಒಂದು ಮನೆಯಲ್ಲಿ ಅತ್ತೆ-ಸೊಸೆ ಕೂತು ಮಾತಾಡುತ್ತಿದ್ದಾರೆ ಅಂದುಕೊಳ್ಳಿ.

ಅತ್ತೆ: ಹೌಸ್ ಕೀಪಿಂಗ್ ಅಂದ್ರ ಏನಬೇ? ಮನಿ ಕಾಯೋದೇನು?

ಸೊಸೆ: ಅಲ್ರಿ ಅತ್ತಿ. ಕಾರ್ಖಾನಿ, ದವಾಖಾನಿ, ಹಾಸ್ಟೆಲ್‌ದಾಗ ಕಸ ಹೊಡೆಯೋದು, ನೆಲ ಒರಸೋದು.

ಅತ್ತೆ: ಅಯ್ಯ, ಅದು ಮನಿಗೆಲಸನೇ ಆತಲ್ಲ! ಹಂಗಾದ್ರ ಹೌಸ್ ವರ್ಕ್ ಅಂದ್ರೇನು?

ಸೊಸೆ: ನಮ್ಮ ಮನ್ಯಾಗ ನಾವು ಮಾಡೋದು ಹೌಸ್ ವರ್ಕ್ ರಿ. ಪಗಾರ ಇಲ್ಲ.

ಅತ್ತೆ: ಮತ್ತ ಹುಡುಗಿ ದಿನಾ ಸಂಜಿಕ ಹೋಮ್ ವರ್ಕ್ ಹೋಮ್ ವರ್ಕ್ ಅಂತದಲ್ಲ?

ಸೊಸೆ: ಅದು ಸಾಲಿ ಅಭ್ಯಾಸ ರಿ.

ಅತ್ತೆ: ಕಸಬರಿಗಿ ಒಂದೇ, ಕೈ ಒಂದೇ. ಹೊರಗ ಹೊಡದ್ರ ಪಗಾರ, ಒಳಗ ಹೊಡದ್ರ ಏನಿಲ್ಲ. ಚೊಲೊ ಅದ ನಿಮ್ಮ ಇಂಗ್ಲಿಷ್!

ಅತ್ತೆ ಹೇಳಿದ್ದು ತಮಾಷೆಯ ಮಾತಲ್ಲ. ಹೌಸ್, ಹೋಮ್ ಎರಡಕ್ಕೂ ನಾವು ಮನೆ ಅಂತೀವಿ. ಆದರೆ ಮಾತು ಬದಲಾದಂತೆ ಲೆಕ್ಕವೂ ಬದಲಾಗುತ್ತದೆ. ಇನ್ನೂ ಎರಡು ಮಾತು ಇವೆ. ಸಾಹುಕಾರ ಅಥವಾ ಅಂಗಡಿಯವ ಮಾಲು ಕೊಟ್ಟು, ನೀವು ಮನೆಯಲ್ಲಿ ಕೂತು ಅದನ್ನು ತಯಾರು ಮಾಡಿಕೊಟ್ಟರೆ ನೀವು ಹೋಮ್ ಬೇಸ್ಡ್ ವರ್ಕರ್. ಬೀಡಿ ಕಟ್ಟುವವರು, ಬ್ಲೌಸಿಗೆ ಹುಕ್ ಹಚ್ಚುವವರು, ಸೀರೆಗೆ ಕುಚ್ಚು ಹಾಕುವವರು ಎಲ್ಲ ಇದರಲ್ಲಿ ಬರುತ್ತಾರೆ. ಬೇರೆಯವರ ಮನೆಗೆ ಹೋಗಿ ಪಾತ್ರೆ, ಬಟ್ಟೆ, ಅಡುಗೆ ಮಾಡಿದರೆ ಡೊಮೆಸ್ಟಿಕ್ ವರ್ಕರ್. ಎರಡರಲ್ಲೂ ವರ್ಕರ್ ಅನ್ನುವ ಮಾತು ಇದೆ, ನೋಡಿರಿ. ವರ್ಕರ್ ಅಂದರೆ ಕಾರ್ಮಿಕ.

ಮೊದಲು ಕಾಗದದ ವಿಷಯ. ಬ್ಯಾಂಕಿನ ಅರ್ಜಿಯಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ ಆಕ್ಯುಪೇಷನ್ ಅಂತ ಒಂದು ಸಾಲು ಇರುತ್ತದೆ. ಆಕ್ಯುಪೇಷನ್ ಅಂದರೆ ಉದ್ಯೋಗ, ಕಸಬು. ನಾಲ್ಕು ಗಂಟೆಗೆ ಎದ್ದು ರಾತ್ರಿ ಹತ್ತಕ್ಕೆ ಮಲಗುವ ಹೆಂಗಸಿನ ಹೆಸರಿನ ಮುಂದೆ ಅಲ್ಲಿ ಹೌಸ್ ವೈಫ್ ಅಂತ ಬರೆಯುತ್ತಾರೆ. ಒಮ್ಮೊಮ್ಮೆ ನಿಲ್ ಅಂತ ಬರೆಯುತ್ತಾರೆ. ನಿಲ್ ಅಂದರೆ ಸೊನ್ನೆ, ಏನೂ ಇಲ್ಲ. ಈಗ ಹೋಮ್ ಮೇಕರ್ ಅನ್ನುವ ಮಾತು ಬಂದಿದೆ. ಮನೆ ನಡೆಸುವವಳು ಅಂತ ಅರ್ಥ. ಇದು ಹೆಚ್ಚು ಮರ್ಯಾದೆಯ ಮಾತು. ಬರೀ ಮರ್ಯಾದೆಯಿಂದ ಕೆಲಸ ಕಡಿಮೆ ಆಗುವುದಿಲ್ಲ, ಅದು ಬೇರೆ ಮಾತು.

ಈ ಕೆಲಸವನ್ನು ಸರಕಾರವೇ ಅಳೆದು ನೋಡಿದೆ. 2024ರಲ್ಲಿ ದೇಶದ ತುಂಬ ಜನರ ದಿನದ ಹೊತ್ತು ಹೇಗೆ ಹೋಗುತ್ತದೆ ಎಂದು ಕೇಳಿ ಬರೆದುಕೊಂಡರು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಅಂದರೆ 4 ತಾಸು 49 ನಿಮಿಷ. ಗಂಡಸರು 88 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಚ್ಚುವ ಗಂಡಸರ ಲೆಕ್ಕ ಮಾತ್ರ. ಕೈ ಹಚ್ಚದವರು ಈ ಲೆಕ್ಕದಲ್ಲೇ ಇಲ್ಲ. ಮಕ್ಕಳನ್ನು, ಮುದುಕರನ್ನು ನೋಡಿಕೊಳ್ಳುವ ಹೊತ್ತನ್ನು ಬೇರೆ ಹಿಡಿದಿದ್ದಾರೆ.

ಈ ಮಾತು ಕೋರ್ಟಿಗೂ ಹೋಗಿದೆ. 1989ರಲ್ಲಿ ಜಮ್‌ಶೆಡ್‌ಪುರದಲ್ಲಿ ಒಂದು ಸಮಾರಂಭಕ್ಕೆ ಬೆಂಕಿ ಬಿದ್ದು ಬಹಳ ಜನ ಸತ್ತರು. ಸತ್ತವರಲ್ಲಿ ಗೃಹಿಣಿಯರೂ ಇದ್ದರು. ಸಂಬಳವಿಲ್ಲದ ಅವರಿಗೆ ಪರಿಹಾರ ಲೆಕ್ಕ ಹಾಕುವುದು ಹೇಗೆ? 2001ರಲ್ಲಿ ಸುಪ್ರೀಂ ಕೋರ್ಟು ಅವರ ಸೇವೆಗೆ ತಿಂಗಳಿಗೆ 3,000 ರೂಪಾಯಿ ಬೆಲೆ ಹಿಡಿಯಿತು. 2001ರ ಜನಗಣತಿಯಲ್ಲಿ ಮನೆಗೆಲಸ ಮಾಡುವ ಹೆಂಗಸರನ್ನು ಭಿಕ್ಷುಕರು, ಕೈದಿಗಳ ಸಾಲಿನಲ್ಲಿ, ಕೆಲಸ ಮಾಡದವರು ಎಂದು ಸೇರಿಸಿದ್ದರು. ಅದು ತಪ್ಪು ಎಂದು 2010ರಲ್ಲಿ ಅದೇ ಕೋರ್ಟು ಹೇಳಿತು. 2021ರ ಜನವರಿ 5ರ ತೀರ್ಪಿನಲ್ಲೂ ಗೃಹಿಣಿಯ ಕೆಲಸಕ್ಕೆ ಆದಾಯದ ಬೆಲೆ ಕಟ್ಟಬೇಕೆಂದು ಹೇಳಿತು. ಅಪಘಾತದಲ್ಲಿ ಮನೆಯ ಹೆಂಗಸು ತೀರಿಕೊಂಡಾಗ, "ಆಕಿ ಏನೂ ದುಡಿತಿರಲಿಲ್ರಿ" ಅಂತ ಯಾರಾದರೂ ಹೇಳಿದರೆ ಈ ತೀರ್ಪುಗಳ ಮಾತು ಹೇಳಿರಿ. ವಕೀಲರಿಗೂ ನೆನಪು ಮಾಡಿರಿ.

ಗಣತಿಯವರು ಮನೆಗೆ ಬಂದಾಗ ನಾವೂ ಒಂದು ಮಾತು ಜೋಪಾನ ಮಾಡಬೇಕು. "ಏನ್ ಕೆಲಸ ಮಾಡ್ತೀರಿ?" ಅಂದರೆ, "ಏನಿಲ್ರಿ, ಮನ್ಯಾಗ ಇರ್ತೀನಿ" ಅಂತ ಹೇಳಿಬಿಡುತ್ತೇವೆ. ಹಾಗೆ ಹೇಳಬೇಡಿರಿ. ಸ್ವಂತ ಹೊಲದಲ್ಲಿ ಕೂಲಿ ಇಲ್ಲದೆ ಕಸ ತೆಗೆದರೂ, ಹತ್ತಿ ಬಿಡಿಸಿದರೂ 2011ರ ಜನಗಣತಿಯ ನಿಯಮದಲ್ಲಿ ಅದು ಕೆಲಸ. ಎಮ್ಮೆ ಸಾಕಿ ಆ ಹಾಲನ್ನು ಮನೆಮಂದಿಯೇ ಕುಡಿದರೂ ಅದೂ ಕೆಲಸ. ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಿರಿ. ಬರೆದುಕೊಳ್ಳುವುದು ಅವರ ಕೆಲಸ.

ಇನ್ನೊಂದು ಮಾತು ಹೆಡ್ ಆಫ್ ದಿ ಫ್ಯಾಮಿಲಿ. ಮನೆಯ ಯಜಮಾನ ಎಂದು ಗಂಡಸರ ಹೆಸರು ಬರೆಯುವ ರೂಢಿ ಇತ್ತು. 2013ರ ಆಹಾರ ಭದ್ರತೆ ಕಾಯ್ದೆಯಲ್ಲಿ, ರೇಷನ್ ಕಾರ್ಡಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ. ಆಕೆಗೆ 18 ವರ್ಷ ತುಂಬಿರಬೇಕು. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳಿಗೆ 2,000 ರೂಪಾಯಿಯನ್ನು ಮನೆಯ ಯಜಮಾನಿಗೆ ಎಂದೇ ಗೊತ್ತು ಮಾಡಿದರು. ಹೆಡ್ ಅನ್ನುವ ಸಾಲಿನಲ್ಲಿ ಯಾರ ಹೆಸರು ಇದೆ ಎಂದು ನೀವೇ ಓದಿ ನೋಡಿರಿ.

ನಮ್ಮ ಜಿಲ್ಲೆಯಿಂದ ಬಹಳ ಮಂದಿ ದುಡಿಯಲು ಬೆಂಗಳೂರಿಗೆ ಹೋಗುತ್ತಾರೆ. ಗಂಡಸರು ಕಟ್ಟಡದ ಕೆಲಸಕ್ಕೆ ಹೋದರೆ, ಹೆಂಗಸರಲ್ಲಿ ಕೆಲವರು ಮನೆಗೆಲಸ ಹಿಡಿಯುತ್ತಾರೆ. ಅಲ್ಲಿ ಅಪಾರ್ಟ್‌ಮೆಂಟ್, ಲಿಫ್ಟ್, ವಾಚ್‌ಮನ್, ಗೇಟ್ ಪಾಸ್ ಅನ್ನುವ ಮಾತು. ಆದರೆ ಮೊದಲೇ ಕೇಳಬೇಕಾದ ಮಾತು ಬೇರೆ ಇವೆ. ವೀಕ್ಲಿ ಆಫ್ ಅಂದರೆ ವಾರಕ್ಕೊಂದು ರಜೆ. ಲೀವ್ ಅಂದರೆ ಜ್ವರ ಬಂದಾಗ, ಜಾತ್ರೆಗೆ ಹೋಗುವಾಗ ತಗೊಳ್ಳುವ ರಜೆ. ಅಡ್ವಾನ್ಸ್ ಅಂದರೆ ಮುಂಗಡ. ಇದರ ಬಗ್ಗೆ ಹುಷಾರಿ. ತಗೊಂಡದ್ದು ಎಷ್ಟು, ತಿಂಗಳಿಗೆ ಮುರಿದುಕೊಂಡದ್ದು ಎಷ್ಟು, ತಾರೀಖು ಹಾಕಿ ನಿಮ್ಮ ಪುಸ್ತಕದಲ್ಲಿ ಬರೆದಿಡಿರಿ. ಮಿನಿಮಮ್ ವೇಜ್ ಅಂದರೆ ಕನಿಷ್ಠ ಕೂಲಿ. ಮನೆಗೆಲಸದವರಿಗೂ ಕನಿಷ್ಠ ಕೂಲಿ ಇರಬೇಕೆಂದು ಕರ್ನಾಟಕ ಸರಕಾರ 2004ರಲ್ಲೇ ಗೊತ್ತು ಮಾಡಿತ್ತು. ಈಗಿನ ದರ ಎಷ್ಟು ಎಂದು ಕಾರ್ಮಿಕ ಇಲಾಖೆಯಲ್ಲಿ ಕೇಳಬಹುದು. 2021ರ ಆಗಸ್ಟಿನಲ್ಲಿ ಇ-ಶ್ರಮ್ ಕಾರ್ಡು ಶುರುವಾಯಿತು. 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರಿಗೆ ಇದು. ಮನೆಗೆಲಸದವರೂ, ಮನೆಯಲ್ಲೇ ಕೂತು ದುಡಿಯುವವರೂ ಹೆಸರು ಬರೆಸಬಹುದು.

ಮನೆಯಲ್ಲಿ ಕೂತು ದುಡಿಯುವವರು ಪೀಸ್ ರೇಟ್ ಅನ್ನುವ ಮಾತು ಕಲಿಯಬೇಕು. ಒಂದೊಂದು ನಗಕ್ಕೆ ಇಷ್ಟು ಎಂಬ ಲೆಕ್ಕ. ಒಂದು ಬ್ಲೌಸಿಗೆ ಹುಕ್ ಹಚ್ಚಿದರೆ 5 ರೂಪಾಯಿ ಅಂದುಕೊಳ್ಳಿ. 20 ಬ್ಲೌಸಿಗೆ 100 ರೂಪಾಯಿ. ಮೂರು ಸರಿ ಇಲ್ಲ ಎಂದು ರಿಜೆಕ್ಟ್ ಮಾಡಿದರೆ 85 ಉಳಿಯಿತು. ದಾರ ನಿಮ್ಮದು, ಅದಕ್ಕೆ 10 ಹೋಯಿತು. ಉಳಿದದ್ದು 75. ಐದು ತಾಸು ಕೂತಿದ್ದರೆ ತಾಸಿಗೆ 15 ರೂಪಾಯಿ ಬಿತ್ತು. ನೂರು ರೂಪಾಯಿ ಬಂತು ಅನ್ನುವುದಕ್ಕೂ ತಾಸಿಗೆ ಹದಿನೈದು ಬಂತು ಅನ್ನುವುದಕ್ಕೂ ಎಷ್ಟು ಫರಕು! ಈ ಲೆಕ್ಕ ಹಾಕದೆ ದರ ಒಪ್ಪಬಾರದು. ಬೀಡಿ ಕಟ್ಟುವವರ 1966ರ ಕಾಯ್ದೆಯಲ್ಲಿ, ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರು ಎಂದೇ ಎಣಿಸಿದ್ದರು. ಮನೆಯಲ್ಲಿ ದುಡಿಯುವವರ ಬಗ್ಗೆ ಜಗತ್ತಿನ ಕಾರ್ಮಿಕ ಸಂಸ್ಥೆ 1996ರಲ್ಲಿ ಒಂದು ಒಪ್ಪಂದ ಮಾಡಿತು. ನಮ್ಮ ದೇಶ ಅದಕ್ಕೆ ಇನ್ನೂ ಸಹಿ ಹಾಕಿಲ್ಲ.

ವರ್ಕ್ ಫ್ರಮ್ ಹೋಮ್ ಎಂಬ ಮಾತು 2020ರಲ್ಲಿ ಕೊರೋನಾ ಬಂದಾಗ ಎಲ್ಲರ ಬಾಯಿಗೆ ಬಂತು. ಕಂಪ್ಯೂಟರ್ ಕೆಲಸದವರು ಆಫೀಸಿನ ಕೆಲಸವನ್ನು ಮನೆಯಿಂದ ಮಾಡಿದರು. ಇದೇ ಮಾತು ಹಿಡಿದು ಈಗ ಮೋಸಗಾರರು ಮೊಬೈಲಿಗೆ ಮೆಸೇಜ್ ಕಳಿಸುತ್ತಾರೆ. "ಮನೆಯಲ್ಲೇ ಪೆನ್ ಪ್ಯಾಕಿಂಗ್ ಮಾಡಿ, ಸಾವಿರ ಸಾವಿರ ಗಳಿಸಿ" ಅಂತಾರೆ. ಮೊದಲು ರಿಜಿಸ್ಟ್ರೇಷನ್ ಫೀ ಕಟ್ಟಿ ಅಂತಾರೆ. ಕೆಲಸ ಕೊಡುವವನು ನಮಗೆ ರೊಕ್ಕ ಕೊಡಬೇಕು. ನಮ್ಮಿಂದ ಯಾಕೆ ಕೇಳುತ್ತಾನೆ? ರೊಕ್ಕ ಹೋಗಿದ್ದರೆ ಕೂಡಲೆ 1930ಕ್ಕೆ ಫೋನ್ ಮಾಡಿರಿ.

ಇನ್ನು ಅಡುಗೆ ಮನೆ. ಗ್ಯಾಸ್ ಸಿಲಿಂಡರಿನ ಮೇಲಿನ ಪಟ್ಟಿಯ ಒಳಗಡೆ ಇಂಗ್ಲಿಷಿನ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತಾರೆ. ಎ ಅಂದರೆ ಜನವರಿಯಿಂದ ಮಾರ್ಚ್. ಬಿ ಅಂದರೆ ಏಪ್ರಿಲ್‌ನಿಂದ ಜೂನ್. ಸಿ ಅಂದರೆ ಜುಲೈನಿಂದ ಸೆಪ್ಟೆಂಬರ್. ಡಿ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಬಿ 28 ಎಂದಿದ್ದರೆ 2028ರ ಜೂನ್ ಒಳಗೆ ಆ ಸಿಲಿಂಡರನ್ನು ಪರೀಕ್ಷೆ ಮಾಡಿಸಬೇಕು ಎಂದರ್ಥ. ಆ ದಿನ ದಾಟಿದ ಸಿಲಿಂಡರ್ ತಂದರೆ ತಗೊಳ್ಳಬೇಡಿರಿ. ಟೇರ್ ವೇಟ್ ಎಂಬುದು ಖಾಲಿ ಸಿಲಿಂಡರಿನ ತೂಕ. ಅದು 15.3 ಕಿಲೋ ಇದ್ದರೆ, ಗ್ಯಾಸ್ 14.2 ಕಿಲೋ ಸೇರಿ 29.5 ಕಿಲೋ ತೂಗಬೇಕು. ತಂದವರ ಮುಂದೆಯೇ ತೂಗಿಸಿರಿ. ಲೀಕ್ ಅಂದರೆ ಸೋರುವುದು. ವಾಸನೆ ಬಂದರೆ ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ-ಬಾಗಿಲು ತೆಗೆಯಿರಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿರಿ.

ಹೌಸ್ ಕೀಪಿಂಗ್ ಕೆಲಸಕ್ಕೆ ಹೋಗುವವರು ಬಾಟ್ಲಿಯ ಮೇಲಿನ ಮೂರು ಮಾತು ಗುರುತು ಹಿಡಿಯಬೇಕು. ಆಸಿಡ್, ಬ್ಲೀಚ್, ಪಾಯ್ಸನ್. ಪಾಯ್ಸನ್ ಅಂದರೆ ವಿಷ. ಪಾಯಿಖಾನೆ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಎರಡನ್ನೂ ಎಂದೂ ಕೂಡಿಸಬಾರದು. ಕೂಡಿಸಿದರೆ ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಉಸಿರು ಕಟ್ಟಿ ಪ್ರಾಣಕ್ಕೇ ಬರಬಹುದು. ಹೆಚ್ಚು ಬೆಳ್ಳಗಾಗಲಿ ಎಂದು ಎರಡನ್ನೂ ಸುರಿಯುವವರು ಇದ್ದಾರೆ. ಸೂಪರ್‌ವೈಸರ್ ಹೇಳಿದರೂ ಸುರಿಯಬೇಡಿರಿ. ಗ್ಲೌಸ್ ಕೇಳಿ ಪಡೆಯಿರಿ. ಗ್ಲೌಸ್ ಅಂದರೆ ಕೈಗವಸು. ತಿಂಗಳ ಕೊನೆಗೆ ಪೇ ಸ್ಲಿಪ್ ಕೇಳಿರಿ. ಅದರಲ್ಲಿ ಪಿ.ಎಫ್., ಇ.ಎಸ್.ಐ. ಎಂದು ಮುರಿದುಕೊಂಡಿದ್ದರೆ ಅದರ ನಂಬರು ನಿಮ್ಮ ಹತ್ತಿರ ಇರಬೇಕು.

ಅಭ್ಯಾಸ

ನಿಮ್ಮ ಮನೆಯ ಸಿಲಿಂಡರಿನ ಮೇಲೆ ಯಾವ ಅಕ್ಷರ, ಯಾವ ಅಂಕಿ ಇದೆ? ನೋಡಿ ಬರೆಯಿರಿ. ಅದರ ದಿನ ಯಾವಾಗ ಮುಗಿಯುತ್ತದೆ?

ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಯಾರ ಹೆಸರು ಇದೆ?

ಒಂದು ನಗಕ್ಕೆ 4 ರೂಪಾಯಿ. 30 ನಗ ಮಾಡಿದಿರಿ. 5 ರಿಜೆಕ್ಟ್ ಆದವು. ಆರು ತಾಸು ಹಿಡಿಯಿತು. ದಾರಕ್ಕೆ 10 ರೂಪಾಯಿ ಖರ್ಚು. ತಾಸಿಗೆ ಎಷ್ಟು ಬಿತ್ತು?

ನಿನ್ನೆ ಬೆಳಗಿನಿಂದ ರಾತ್ರಿವರೆಗೆ ನೀವು ಮಾಡಿದ ಕೆಲಸಗಳನ್ನು, ಹಿಡಿದ ಹೊತ್ತಿನ ಸಮೇತ, ಒಂದು ಹಾಳೆಯಲ್ಲಿ ಬರೆಯಿರಿ. ಮನೆಯ ಗಂಡಸರೂ ಬೇರೆ ಹಾಳೆಯಲ್ಲಿ ಬರೆಯಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಗಟ್ಟಿಯಾಗಿ ಓದಿರಿ.