ವದಂತಿಯ ಪರೀಕ್ಷೆ

2012ನೆಯ ಇಸವಿಯ ಆಗಸ್ಟ್ 15. ದೇಶವೆಲ್ಲ ಸ್ವಾತಂತ್ರ್ಯೋತ್ಸವವನ್ನು ಆಚರಿಸುತ್ತಿದ್ದ ದಿನ. ಬೆಂಗಳೂರು ನಗರ ರೈಲು ನಿಲ್ದಾಣದಲ್ಲಿ ಮಾತ್ರ ಸಾವಿರಾರು ಮಂದಿ ಗಂಟುಮೂಟೆಗಳೊಡನೆ ನೆರೆದಿದ್ದರು. ಅವರು ಓದಿಗಾಗಿಯೋ ದುಡಿಮೆಗಾಗಿಯೋ ಅಸ್ಸಾಂ ಮೊದಲಾದ ಈಶಾನ್ಯ ರಾಜ್ಯಗಳಿಂದ ಈ ನಗರಕ್ಕೆ ಬಂದವರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ಇಷ್ಟು ಜನರನ್ನು ಊರು ಬಿಡಿಸಿದುದು ಒಂದು ವದಂತಿ.

ಆ ವರ್ಷದ ಜುಲೈ ತಿಂಗಳಲ್ಲಿ ಅಸ್ಸಾಮಿನ ಕೊಕ್ರಾಝಾರ್ ಮುಂತಾದೆಡೆಗಳಲ್ಲಿ ಗಲಭೆಗಳು ನಡೆದಿದ್ದವು. ಅದರ ಪ್ರತೀಕಾರಕ್ಕಾಗಿ ಬೆಂಗಳೂರಿನಲ್ಲಿ ಈಶಾನ್ಯದವರ ಮೇಲೆ ದಾಳಿ ನಡೆಯಲಿದೆಯೆಂಬ ಕಿರುಸಂದೇಶಗಳು ಮೊಬೈಲ್ ಫೋನುಗಳಲ್ಲಿ ಹಬ್ಬಿದವು. ಬೇರೆಲ್ಲಿಯದೋ ದುರಂತಗಳ ಚಿತ್ರಗಳೂ ಗಲಭೆಯ ಚಿತ್ರಗಳೆಂಬ ಹೆಸರಿನಲ್ಲಿ ಹರಿದಾಡಿದವು.

ಇಂಥ ಸಂದೇಶವನ್ನು ವಿವೇಚಿಸುವ ಬಗೆ ಹೇಗೆ? ಸಂವಹನವನ್ನು ಅರಿಯಲು ಅಮೆರಿಕದ ವಿದ್ವಾಂಸರಾದ ಹೆರಾಲ್ಡ್ ಲಾಸ್ವೆಲ್ ಅವರು 1948ರಲ್ಲಿ ಐದು ಪ್ರಶ್ನೆಗಳನ್ನು ಮುಂದಿಟ್ಟರು. ಹೇಳಿದವರು ಯಾರು? ಹೇಳಿದ್ದೇನು? ಯಾವ ಮಾಧ್ಯಮದಿಂದ? ಯಾರಿಗೆ? ಪರಿಣಾಮವೇನು? ಬೆಂಗಳೂರಿನ ವದಂತಿಗೆ ಇವನ್ನು ಅನ್ವಯಿಸಿ ನೋಡೋಣ. ಏನು, ಯಾವುದರಿಂದ, ಯಾರಿಗೆ ಎಂಬುವಕ್ಕೆ ಉತ್ತರ ಸುಲಭ. ಪರಿಣಾಮವು ರೈಲು ನಿಲ್ದಾಣದಲ್ಲಿಯೇ ಕಾಣುತ್ತಿತ್ತು. ಆದರೆ 'ಯಾರು' ಎಂಬ ಮೊದಲ ಪ್ರಶ್ನೆಗೆ ಸಂದೇಶದಲ್ಲಿ ಉತ್ತರವಿರಲಿಲ್ಲ.

ಹೇಳಿದವರು ಯಾರೆಂದು ತಿಳಿಯದಿದ್ದರೂ ಜನ ನಂಬಿದ್ದೇಕೆ? ಇದಕ್ಕೆ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರ ಸಿದ್ಧಾಂತ ನೆರವಾಗುತ್ತದೆ. 1940ರ ಅಮೆರಿಕದ ಚುನಾವಣೆಯನ್ನು ಅಭ್ಯಸಿಸಿದ ಅವರು, ಮಾಧ್ಯಮದ ವಿಚಾರಗಳು ಹಲವರಿಗೆ ತಮ್ಮ ಪರಿಚಿತರ ಮೂಲಕವೇ ತಲಪುತ್ತವೆಂದು ಕಂಡುಕೊಂಡರು. ಬೆಂಗಳೂರಿನಲ್ಲಿಯೂ ಎಚ್ಚರಿಕೆಯನ್ನು ಕಳುಹಿಸಿದವರು ಗೆಳೆಯರು, ಬಂಧುಗಳು. ಊರಿನಲ್ಲಿದ್ದ ತಾಯಿತಂದೆಗಳು ಬೇಗ ಮರಳಿ ಬನ್ನಿರೆಂದು ಕರೆದರು. ಅವರ ಅಕ್ಕರೆ ನಿಜವಾದುದು. ಆದುದರಿಂದ ಸುದ್ದಿಯೂ ನಿಜವೆನಿಸಿತು. ಸರಕಾರವು ಕೊಟ್ಟ ಅಭಯವು ಆ ಮೊದಲ ದಿನಗಳಲ್ಲಿ ಹಲವರನ್ನು ತಡೆಯಲಾರದೆ ಹೋಯಿತು.

ಆಗಸ್ಟ್ 17ರಂದು ಕೇಂದ್ರ ಸರಕಾರವು ಕಿರುಸಂದೇಶಗಳನ್ನು ಸಾಮೂಹಿಕವಾಗಿ ಕಳುಹಿಸುವುದನ್ನು 15 ದಿನಗಳ ಕಾಲ ನಿಷೇಧಿಸಿತು. ವದಂತಿ ನುಡಿದಂಥ ಸಾಮೂಹಿಕ ದಾಳಿ ನಗರದಲ್ಲಿ ನಡೆಯಲಿಲ್ಲ. ಹೋದವರಲ್ಲಿ ಅನೇಕರು ಮರಳಿ ಬಂದರು. ಆದರೂ ಅವರು ಕಳೆದುಕೊಂಡ ದಿನಗಳು, ಕೂಲಿ, ನೆಮ್ಮದಿ ಮರಳಲಿಲ್ಲ.

ನಮ್ಮ ಕೈಗೆ ಬಂದ ಸಂದೇಶವನ್ನು ತಂದವರು ಆಪ್ತರಿರಬಹುದು. ಅದನ್ನು ಮೊದಲು ಹೇಳಿದವರು ಯಾರೆಂದು ವಿಚಾರಿಸದೆ ಮುಂದಕ್ಕೆ ಕಳುಹಿಸಬಾರದು.

ಅಭ್ಯಾಸ

1. ಲಾಸ್ವೆಲ್ ಅವರ ಐದು ಪ್ರಶ್ನೆಗಳಾವುವು?
2. ಹೇಳಿದವರು ಯಾರೆಂದು ತಿಳಿಯದಿದ್ದರೂ ಜನರು ವದಂತಿಯನ್ನು ನಂಬಲು ಕಾರಣವೇನು?
3. ಈ ವಾರದ ಪತ್ರಿಕೆಯಿಂದ ನಿಮ್ಮ ಊರಿನ ಒಂದು ಸುದ್ದಿಯನ್ನು ಆರಿಸಿ, ಐದು ಪ್ರಶ್ನೆಗಳಿಂದ ಪರೀಕ್ಷಿಸಿ ಬರೆಯಿರಿ.